ಪರದೆಯ ಮೇಲೆ ಕನ್ನಡ: ನಮ್ಮ ಪುಣೆಯ ಪಾಲು



ಹೊಸ ಮನೆಗೆ ಹೋದ ಕೂಡಲೇ ಬಾಗಿಲಿಗೆ ತೋರಣ ಕಟ್ಟುತ್ತೇವೆ, ದೇವರ ಗೂಡಿಗೆ ಜಾಗ ಹುಡುಕುತ್ತೇವೆ. ಕಂಪ್ಯೂಟರಿನ ಪರದೆಯನ್ನೂ ಹೀಗೆ ನಮ್ಮದಾಗಿಸಿಕೊಳ್ಳಬಹುದು. ಲಿನಕ್ಸ್‌ನಲ್ಲಂತೂ ಹಿನ್ನೆಲೆಯ ಚಿತ್ರ, ಬಣ್ಣ, ಅಕ್ಷರದ ಗಾತ್ರ ಎಲ್ಲವೂ ನಿಮ್ಮಿಷ್ಟ. ಆದರೆ ಅಲ್ಲಿನ ಬರಹವೆಲ್ಲ ಇಂಗ್ಲಿಷಿನಲ್ಲೇ ಇದ್ದರೆ ಎಷ್ಟು ಸಿಂಗರಿಸಿದರೂ ಅದು ಬಾಡಿಗೆ ಮನೆಯೇ. ಆ ಪರದೆಗೆ ಕನ್ನಡ ಬಂದ ಕಥೆಯಲ್ಲಿ ಪುಣೆಗೂ ಪಾಲಿದೆ.

ಮೊದಲು ಕೀಲಿಮಣೆಯ ಮಾತು. ಕಾನ್ಪುರದ ಐಐಟಿಯಲ್ಲಿ ಮೊಳೆತ ಜಿಸ್ಟ್ ತಂತ್ರಜ್ಞಾನ, 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್‌ನಲ್ಲಿ ಬೆಳೆಯಿತು. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿದ ಮಾನಕದಲ್ಲಿ ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ ಸೇರಿತು. ಇದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ನೀವು ‘ಕ’ ಬರೆಯಲು ಒತ್ತುವ ಕೀಲಿಯನ್ನೇ ಪಕ್ಕದ ಮನೆಯ ಮರಾಠಿಗರೂ ತಮ್ಮ ‘ಕ’ಕ್ಕೆ ಒತ್ತುತ್ತಾರೆ!

ಅದೇ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಪ್ರಕಟಿಸಿದರು. 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಎಂಬ ಡೆಸ್ಕ್‌ಟಾಪ್ ಯೋಜನೆಗಳು ಶುರುವಾದವು. ಇವುಗಳನ್ನು ಯಾರ ಅಪ್ಪಣೆಯೂ ಇಲ್ಲದೆ ತಿದ್ದಬಹುದು. ಹೀಗಾಗಿ ಲಾಭನಷ್ಟದ ಲೆಕ್ಕ ಹಾಕುವ ಕಂಪನಿಗಳಿಗೆ ಕಾಯದೆ ಕನ್ನಡಿಗರೇ ಅನುವಾದಕ್ಕೆ ಕುಳಿತರು. ರೆಡ್ ಹ್ಯಾಟ್ ಸಂಸ್ಥೆಯ ಪುಣೆ ಕಚೇರಿಯ ಭಾಷಾ ತಂಡವೂ ಕೈಜೋಡಿಸಿತು. ‘ಫೈಲ್’ ಕಡತವಾಯಿತು, ‘ಫೋಲ್ಡರ್’ ಕಡತಕೋಶವಾಯಿತು, ‘ಹೆಲ್ಪ್’ ನೆರವಾಯಿತು.

ಅಕ್ಷರಗಳೂ ಬೇಕಲ್ಲವೇ? ರೆಡ್ ಹ್ಯಾಟ್ 2004ರಿಂದ ಮುಕ್ತವಾಗಿ ಹಂಚಿದ ಲೋಹಿತ್ ಅಕ್ಷರಬಳಗದಲ್ಲಿ ಕನ್ನಡಕ್ಕೂ ಸ್ಥಾನ ಸಿಕ್ಕಿತು. ಲೋಹಿತ ಎಂದರೆ ಕೆಂಪು. ಕೆಂಪು ಟೋಪಿಯ ಸಂಸ್ಥೆಗೆ ಒಪ್ಪುವ ಹೆಸರು. 2011ರಲ್ಲಿ ಈ ಬಳಗಕ್ಕೆ ಮುಕ್ತ ಅಕ್ಷರ ಪರವಾನಗಿ ದೊರೆತು, ಬಳಸುವುದೂ ತಿದ್ದುವುದೂ ಇನ್ನಷ್ಟು ಸಲೀಸಾಯಿತು.

ಇಷ್ಟಾದರೂ ಒಂದು ಮಾತು ಹೇಳಲೇಬೇಕು. ಗ್ನೋಮ್ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ತರುತ್ತದೆ. ಹೊಸದಾಗಿ ಸೇರಿದ ಮಾತುಗಳನ್ನು ಅನುವಾದಿಸುವವರಿಲ್ಲದಿದ್ದರೆ ಅವು ಇಂಗ್ಲಿಷಿನಲ್ಲೇ ಉಳಿದು, ಪರದೆ ಅರೆಗನ್ನಡವಾಗುತ್ತದೆ. ಬಳಸುವವರಿಲ್ಲದ ಬಾವಿಯಲ್ಲಿ ಹೂಳು ತುಂಬಿದ ಹಾಗೆ!

ನಿಮ್ಮ ಮನೆಯಲ್ಲಿ ಲಿನಕ್ಸ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಆರಿಸಿ, ಲಾಗ್ ಔಟ್ ಆಗಿ ಮತ್ತೆ ಒಳಬನ್ನಿ. ಇನ್‌ಸ್ಕ್ರಿಪ್ಟ್ ಕಷ್ಟವೆನಿಸಿದರೆ ಉಚ್ಚಾರಣೆಗೆ ಹೊಂದುವ ಕಗಪ ವಿನ್ಯಾಸವೂ ಇದೆ. ಎಲ್ಲಾದರೂ ಇಂಗ್ಲಿಷ್ ಉಳಿದದ್ದು ಕಂಡರೆ, ಅದಕ್ಕೊಂದು ಕನ್ನಡ ಮಾತು ಹುಡುಕಿ ಅನುವಾದಕರ ತಂಡಕ್ಕೆ ಕಳಿಸಿ. ನಮ್ಮ ಮಕ್ಕಳು ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಆಡುವ ಊರಿದು. ದಿನಕ್ಕೊಮ್ಮೆಯಾದರೂ ‘ಕಡತ’ ಎಂಬ ಪದ ಅವರ ಕಣ್ಣಿಗೆ ಬೀಳಲಿ.