ಯುರೋಪಿನ ಕೆಂಪು ಸ್ಟೋನ್‌ವೇರ್: ಒಂದು ಹೂದಾನಿಯ ಹಿನ್ನೆಲೆ

ಡ್ರೆಸ್ಡೆನ್ ನಗರದ ಜ್ವಿಂಗರ್ ಅರಮನೆಯ ಸಂಗ್ರಹಾಲಯ ಬಿಳಿ ಪಿಂಗಾಣಿಗೆ ಹೆಸರುವಾಸಿ. ಅಲ್ಲಿಯೇ 1710ರ ಆಸುಪಾಸಿನ ಕಡುಗೆಂಪು ಹೂದಾನಿಗಳೂ ಇವೆ. ಇವನ್ನು ಬಿಳಿ ಪಿಂಗಾಣಿಯತ್ತ ಇಟ್ಟ ಮೊದಲ ಹೆಜ್ಜೆ ಎಂದಷ್ಟೇ ಹೇಳಿ ಮುಂದೆ ಸಾಗುವುದು ಚರಿತ್ರಕಾರರ ಹಳೆಯ ರೂಢಿ. ಆ ರೂಢಿ ಈ ಕೆಂಪು ಮಣ್ಣಿಗೆ ಮಾಡಿದ ಅನ್ಯಾಯವೆಂದೇ ನನ್ನ ಭಾವನೆ.

ಈ ಕೆಂಪು ಸ್ಟೋನ್‌ವೇರ್‌ನ ಮೂಲ ಚೀನಾದ ಯಿಶಿಂಗ್. ಅಲ್ಲಿನ ಕಬ್ಬಿಣಾಂಶದ ಜೇಡಿಯಿಂದ ಮಾಡಿದ, ಮೆರುಗು ಲೇಪವಿಲ್ಲದ ಚಹಾ ಕುಡಿಕೆಗಳು ಹದಿನೇಳನೆಯ ಶತಮಾನದಲ್ಲಿ ಚಹಾದ ಜೊತೆಗೇ ಹಡಗು ಹತ್ತಿ ಯುರೋಪಿಗೆ ಬಂದವು. ನಮ್ಮ ಮಣ್ಣಿನ ಹೂಜಿಯೂ ಕೆಂಪೇ. ಆದರೆ ಅದರ ಮೈಯಿಂದ ನೀರು ಜಿನುಗುತ್ತದೆ, ಅದಕ್ಕೇ ಒಳಗಿನ ನೀರು ತಂಪು. ಸ್ಟೋನ್‌ವೇರ್ ಹಾಗಲ್ಲ. ಸುಮಾರು 1200 ಡಿಗ್ರಿ ಸೆಲ್ಸಿಯಸ್‌ ಶಾಖದಲ್ಲಿ ಮಣ್ಣಿನ ಕಣಗಳು ಬೆಸೆದುಕೊಂಡು ಕಲ್ಲಿನಷ್ಟು ಗಟ್ಟಿಯಾಗುತ್ತವೆ, ನೀರು ಹೀರುವುದಿಲ್ಲ.

ಅನುಕರಣೆ ಶುರುವಾದದ್ದು ಡೆಲ್ಫ್ಟ್‌ನಲ್ಲಿ. ಆರಿ ಡೆ ಮಿಲ್ಡೆ ಎಂಬ ಕುಂಬಾರ ಓಡುವ ನರಿಯ ಮುದ್ರೆ ಒತ್ತಿ ಕೆಂಪು ಕುಡಿಕೆಗಳನ್ನು ಮಾರಿದ. ಹಾಲೆಂಡಿನಿಂದ ಇಂಗ್ಲೆಂಡಿಗೆ ಹೋದ ಎಲರ್ಸ್ ಸಹೋದರರು 1690ರ ದಶಕದಲ್ಲಿ ಸ್ಟ್ಯಾಫರ್ಡ್‌ಶೈರ್‌ನ ಬ್ರಾಡ್ವೆಲ್ ವುಡ್‌ನಲ್ಲಿ ಕೆಲಸ ಆರಂಭಿಸಿದರು. ತೆಳುಗೋಡೆಯ ಪಾತ್ರೆಗಳನ್ನು ಲೇತಿನ ಮೇಲೆ ಕಡೆದು ನಯಗೊಳಿಸಿದ ಅವರ ಕೈಚಳಕ ಇಂದಿಗೂ ಬೆರಗು ಹುಟ್ಟಿಸುತ್ತದೆ. ಅವರ ಹೆಸರು ಎಷ್ಟು ದೊಡ್ಡದಾಯಿತೆಂದರೆ, ಮುಂದೆ ಸಂಗ್ರಾಹಕರು ಹದಿನೆಂಟನೆಯ ಶತಮಾನದ ನಡುವಿನ ಇಂಗ್ಲಿಷ್ ಪಾತ್ರೆಗಳಿಗೂ ಎಲರ್ಸ್ ಹೆಸರನ್ನೇ ಅಂಟಿಸಿದರು. ಆ ತಪ್ಪನ್ನು ತಿದ್ದಲು ವಿದ್ವಾಂಸರಿಗೆ ಬಹಳ ಕಾಲ ಹಿಡಿಯಿತು.

ಡ್ರೆಸ್ಡೆನ್ನಿನ ಹೂದಾನಿ ಹುಟ್ಟಿದ್ದು ಸೆರೆಯಲ್ಲಿ. ಚಿನ್ನ ಮಾಡಬಲ್ಲೆನೆಂದ ಯುವಕ ಯೋಹಾನ್ ಫ್ರೀಡ್ರಿಶ್ ಬ್ಯೋಟ್ಗರ್ 1701ರಲ್ಲಿ ಬರ್ಲಿನ್ನಿನಿಂದ ಓಡಿಬಂದಾಗ, ಸ್ಯಾಕ್ಸನಿಯ ದೊರೆ ಅಗಸ್ಟಸ್ ಅವನನ್ನು ಬಂಧನದಲ್ಲಿಟ್ಟ. ಚಿನ್ನ ಬರಲಿಲ್ಲ. ವಿಜ್ಞಾನಿ ಚಿರ್ನ್‌ಹೌಸ್ ಜೊತೆಗೂಡಿ ನಡೆಸಿದ ಪ್ರಯೋಗಗಳಲ್ಲಿ 1707ರ ಹೊತ್ತಿಗೆ ಕೆಂಪು ಸ್ಟೋನ್‌ವೇರ್ ಸಿದ್ಧಿಸಿತು. 1708ರಲ್ಲಿ ಚಿರ್ನ್‌ಹೌಸ್ ತೀರಿಕೊಂಡ. ಸಾಧನೆಯಲ್ಲಿ ಯಾರ ಪಾಲು ಎಷ್ಟೆಂಬ ವಾದ ಇನ್ನೂ ಮುಗಿದಿಲ್ಲ. ಶ್ರೇಯವೆಲ್ಲ ಬ್ಯೋಟ್ಗರ್‌ನೊಬ್ಬನದೇ ಎನ್ನುವುದಂತೂ ಸರಿಯಲ್ಲ. 1710ರಲ್ಲಿ ಮೈಸನ್ ಪಿಂಗಾಣಿ ಕಾರ್ಖಾನೆ ಸ್ಥಾಪನೆಯಾಯಿತು, ಅದೇ ವರ್ಷ ಲೈಪ್ಜಿಗ್ ಜಾತ್ರೆಯಲ್ಲಿ ಕೆಂಪು ಪಾತ್ರೆಗಳು ಮಾರಾಟಕ್ಕೆ ಬಂದವು.

ಇಲ್ಲಿಂದಾಚೆಗೆ ನಡೆದದ್ದು ಬರೀ ಅನುಕರಣೆಯಲ್ಲ. ಆಸ್ಥಾನದ ಅಕ್ಕಸಾಲಿಗ ಯೋಹಾನ್ ಯಾಕೋಬ್ ಇರ್ಮಿಂಗರ್ ಬೆಳ್ಳಿ ಪಾತ್ರೆಗಳ ಆಕಾರವನ್ನು ಮಣ್ಣಿಗೆ ತಂದ: ಬುಡದಲ್ಲಿ ಎಲೆಗಳ ಸಾಲು, ಮೈಮೇಲೆ ಉಬ್ಬುಮುಖಗಳು, ಎಲ್ಲವೂ ಅಚ್ಚಿನಲ್ಲಿ ತೆಗೆದು ಅಂಟಿಸಿದವು. ಸುಟ್ಟ ಮೇಲೆ ಈ ಮೈ ಎಷ್ಟು ಗಟ್ಟಿಯೆಂದರೆ, ಗಾಜು ಮತ್ತು ರತ್ನ ಕೊರೆಯುವವರು ಅದನ್ನು ಚಕ್ರದ ಮೇಲೆ ಸಾಣೆ ಹಿಡಿದು ಕನ್ನಡಿಯಂತೆ ಹೊಳೆಯಿಸಿದರು. ಕಾವು ಹೆಚ್ಚಾದಾಗ ಮೇಲ್ಮೈ ಬೂದುಗಪ್ಪಾಗುತ್ತಿತ್ತು. ಅದನ್ನು ಉಜ್ಜಿ ತೆಗೆದರೆ ಒಳಗಿನ ಕೆಂಪು ಕಾಣುತ್ತಿತ್ತು. ಒಂದೇ ಹೂದಾನಿಯಲ್ಲಿ ಹೊಳಪಿನ ಪಟ್ಟಿಯನ್ನೂ ಮಂಕಾದ ಉಬ್ಬುಚಿತ್ರವನ್ನೂ ಎದುರುಬದುರು ನಿಲ್ಲಿಸಿದ್ದು ಯಿಶಿಂಗ್‌ನಿಂದ ಕಲಿತದ್ದಲ್ಲ. ಮಣ್ಣನ್ನು ರತ್ನಶಿಲೆಯಂತೆ ಕಂಡ ಈ ಕಣ್ಣು ಸ್ಯಾಕ್ಸನಿಯದೇ. ನನ್ನ ಮಟ್ಟಿಗೆ ಮೈಸನ್ನಿನ ಆರಂಭಕಾಲದ ಬಿಳಿ ಪಾತ್ರೆಗಳಲ್ಲಿ ಇಷ್ಟು ಧೈರ್ಯವಿಲ್ಲ.

1713ರಲ್ಲಿ ಬಿಳಿ ಪಿಂಗಾಣಿ ಮಾರುಕಟ್ಟೆಗೆ ಬಂತು, ಕೆಂಪಿನ ಬೇಡಿಕೆ ಇಳಿಯಿತು. ಬ್ಯೋಟ್ಗರ್ 1719ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡ. ಇಂಗ್ಲೆಂಡಿನಲ್ಲಿ ಕುಂಬಾರ ವೆಜ್‌ವುಡ್ 1770ರ ದಶಕದಲ್ಲಿ ಕೆಂಪು ಮಣ್ಣಿಗೆ ‘ರೊಸ್ಸೊ ಆಂಟಿಕೊ’ ಎಂದು ಹೆಸರಿಟ್ಟು ಪ್ರಾಚೀನ ಗ್ರೀಕ್-ರೋಮನ್ ಮಾದರಿಗಳತ್ತ ತಿರುಗಿಸಿದ. ಮೈಸನ್ ತನ್ನ ಹಳೆಯ ಕೆಂಪಿಗೆ ಮರಳಿದ್ದು 1919ರಲ್ಲಿ, ಮ್ಯಾಕ್ಸ್ ಅಡಾಲ್ಫ್ ಫೈಫರ್ ಆಡಳಿತದಲ್ಲಿ. ಆಗ ಅದಕ್ಕೆ ಬ್ಯೋಟ್ಗರ್‌ನ ಹೆಸರನ್ನೇ ಇಟ್ಟರು.