ಬಡ್ಡಿಯಿಲ್ಲದ ಠೇವಣಿ: ನಷ್ಟ ಯಾರ ಪಾಲಿಗೆ?

ಬ್ಯಾಂಕಿನಲ್ಲಿ ಹಣವಿಟ್ಟರೆ ಬಡ್ಡಿ ಬರುತ್ತದೆ. ಬಡ್ಡಿಯೇ ನಿಷಿದ್ಧವೆಂದು ನಂಬಿದವರು ಉಳಿತಾಯವನ್ನು ಎಲ್ಲಿಡಬೇಕು? ಈಜಿಪ್ಟಿನ ಮಿತ್ ಘಮ್ರ್ ಪಟ್ಟಣದಲ್ಲಿ 1963ರಲ್ಲಿ ಇದಕ್ಕೊಂದು ಉತ್ತರ ಹುಡುಕಲಾಯಿತು.

ಜರ್ಮನಿಯಲ್ಲಿ ಓದಿ ಬಂದಿದ್ದ ಅರ್ಥಶಾಸ್ತ್ರಜ್ಞ ಅಹ್ಮದ್ ಅಲ್ ನಜ್ಜಾರ್, ಅಲ್ಲಿನ ಸ್ಥಳೀಯ ಉಳಿತಾಯ ಬ್ಯಾಂಕುಗಳ ಮಾದರಿಯಲ್ಲಿ ಈ ಬ್ಯಾಂಕು ಆರಂಭಿಸಿದರು. ಹೆಸರಿನಲ್ಲಿ ಇಸ್ಲಾಂ ಇರಲಿಲ್ಲ. ವ್ಯವಹಾರದಲ್ಲಿ ಬಡ್ಡಿ ಇರಲಿಲ್ಲ. ಉಳಿತಾಯ ಖಾತೆಯ ಹಣವನ್ನು ಬೇಕಾದಾಗ ಹಿಂಪಡೆಯಬಹುದಿತ್ತು; ಬಡ್ಡಿರಹಿತ ಸಣ್ಣ ಸಾಲವೂ ಸಿಗುತ್ತಿತ್ತು. ಹೂಡಿಕೆ ಖಾತೆಯವರಿಗೆ ಲಾಭದಲ್ಲಿ ಪಾಲಿತ್ತು.

ಮುಖ್ಯ ವ್ಯತ್ಯಾಸವಿರುವುದು ಇಲ್ಲಿಯೇ. ಸಾಮಾನ್ಯ ಠೇವಣಿಯೆಂದರೆ ಬ್ಯಾಂಕಿಗೆ ಕೊಟ್ಟ ಸಾಲ. ಬ್ಯಾಂಕಿಗೆ ಲಾಭವಾಗಲಿ, ನಷ್ಟವಾಗಲಿ, ಅಸಲನ್ನೂ ಗೊತ್ತುಪಡಿಸಿದ ಬಡ್ಡಿಯನ್ನೂ ಕೊಡಲೇಬೇಕು. 'ಮುದಾರಬಾ' ಎಂಬ ಇಸ್ಲಾಮಿ ಒಪ್ಪಂದದಲ್ಲಿ ಠೇವಣಿದಾರ ಬಂಡವಾಳ ಹಾಕುವವನು; ಬ್ಯಾಂಕು ಅದನ್ನು ದುಡಿಸುವ ಪಾಲುದಾರ. ಮೊದಲೇ ನಿಗದಿಯಾಗುವುದು ಲಾಭ ಹಂಚಿಕೆಯ ಪ್ರಮಾಣ, ಮೊತ್ತವಲ್ಲ. ಬ್ಯಾಂಕಿನ ತಪ್ಪಿಲ್ಲದೆ ನಷ್ಟವಾದರೆ ಹಣ ಹೋಗುವುದು ಠೇವಣಿದಾರನದು. ಬ್ಯಾಂಕಿಗೆ ದುಡಿಮೆ ವ್ಯರ್ಥ.

ಮಿತ್ ಘಮ್ರ್ ಪ್ರಯೋಗ 1967ರಲ್ಲಿ ನಿಂತರೂ ವಿಚಾರ ಉಳಿಯಿತು. 1975ರಲ್ಲಿ ದುಬೈ ಇಸ್ಲಾಮಿಕ್ ಬ್ಯಾಂಕು ಸ್ಥಾಪನೆಯಾಯಿತು. ಈಗ ಹಲವು ಇಸ್ಲಾಮಿ ಬ್ಯಾಂಕುಗಳು ಒಳ್ಳೆಯ ವರ್ಷಗಳ ಲಾಭದಲ್ಲಿ ಒಂದಂಶವನ್ನು ಕಾದಿಟ್ಟು, ಲಾಭ ಕಡಿಮೆಯಾದ ವರ್ಷಗಳಲ್ಲಿ ಹಂಚುತ್ತವೆ. ಹೀಗಾಗಿ ಠೇವಣಿದಾರನ ಕೈಸೇರುವ ಹಣ ಇತರ ಬ್ಯಾಂಕುಗಳ ಬಡ್ಡಿಗೆ ಹೆಚ್ಚುಕಡಿಮೆ ಸಮನಾಗಿರುವುದುಂಟು. ಆದರೆ ಒಂದರಲ್ಲಿ ಅದು ಬ್ಯಾಂಕು ತೀರಿಸಬೇಕಾದ ಬಾಕಿ. ಇನ್ನೊಂದರಲ್ಲಿ, ಲಾಭ ಬಂದರೆ ಮಾತ್ರ ಸಿಗುವ ಪಾಲು.