ಪಾದದ ದುರ್ವಾಸನೆ: ನಿವಾರಣೆಯ ಇತಿಹಾಸ

ಪಾದದ ದುರ್ವಾಸನೆ ಎಂದರೆ ಅಂಗಾಲಿನ ಬೆವರನ್ನೂ ಸತ್ತ ಚರ್ಮವನ್ನೂ ಬ್ಯಾಕ್ಟೀರಿಯಾಗಳು ಒಡೆದಾಗ ಹುಟ್ಟುವ ನಾತ. ವೈದ್ಯರು ಇದನ್ನು ಬ್ರೋಮಿಡ್ರೋಸಿಸ್ ಎನ್ನುತ್ತಾರೆ. ಅಂಗಾಲಿನ ಬೆವರು ಹೊರಬರುವಾಗ ಬಹುತೇಕ ನೀರು ಮತ್ತು ಉಪ್ಪು. ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಈ ಸರಳ ಸಂಗತಿ ಸ್ಪಷ್ಟವಾಗಲು ಬಹಳ ಕಾಲ ಹಿಡಿಯಿತು. ನಾತ ಬೆವರಿನದೋ, ಕ್ರಿಮಿಯದೋ, ಬೂಟಿನದೋ ಎಂಬ ಪ್ರಶ್ನೆಗೆ ಆಯಾ ಕಾಲ ಕೊಟ್ಟ ಉತ್ತರದಂತೆ ಔಷಧವೂ ಬದಲಾಯಿತು.

ಕಾಲು ತೊಳೆಯುವ ಭಾರತೀಯ ರೂಢಿಯನ್ನು ಈ ಇತಿಹಾಸದ ಆರಂಭವೆಂದು ಹೇಳುವುದುಂಟು. ಚರಕ ಸಂಹಿತೆಯ ಸೂತ್ರಸ್ಥಾನದ 5ನೇ ಅಧ್ಯಾಯ ಪಾದಗಳನ್ನು ಆಗಾಗ ತೊಳೆಯಲು ಹೇಳುವುದು ನಿಜ. ಆದರೆ ಅಲ್ಲಿ ಹೇಳಿದ ಫಲ ಮೇಧೆ, ಪಾವಿತ್ರ್ಯ, ಆಯುಷ್ಯ. ದುರ್ಗಂಧ ಹೋಗುವ ಮಾತು ಅದೇ ಅಧ್ಯಾಯದಲ್ಲಿ ಮೈ ಉಜ್ಜಿ ಶುಚಿಗೊಳಿಸುವ ಪ್ರಸಂಗದಲ್ಲಿ ಬರುತ್ತದೆ. ಎರಡನ್ನೂ ಬೆರೆಸಿ ಓದುವುದರಿಂದ ಗೊಂದಲ ಹುಟ್ಟಿದೆ.

19ನೇ ಶತಮಾನದ ಯೂರೋಪಿನಲ್ಲಿ ಕಾಲಿನ ಬೆವರನ್ನು ತಡೆದರೆ ರೋಗ ದೇಹದೊಳಕ್ಕೆ ಇಳಿಯುತ್ತದೆಂಬ ಭಯವಿತ್ತು. ವಿಯೆನ್ನಾದ ಚರ್ಮವೈದ್ಯ ಫರ್ಡಿನಾಂಡ್ ಫಾನ್ ಹೆಬ್ರಾ (1816–1880) ಆ ಭಯಕ್ಕೆ ಸೊಪ್ಪು ಹಾಕಲಿಲ್ಲ. ಸೀಸ ಬೆರೆತ ಮುಲಾಮನ್ನು ನಾರುಬಟ್ಟೆಗೆ ಹಚ್ಚಿ, ಬೆರಳ ಸಂದಿಗೂ ತೂರಿಸಿ ಪಾದ ಸುತ್ತುವುದು ಅವರ ಕ್ರಮ. ಸುಮಾರು ಹತ್ತು ದಿನ ನೀರು ಸೋಕಿಸದೆ ಹೀಗೆ ಪಟ್ಟಿ ಬದಲಿಸುತ್ತಿದ್ದರೆ ಹಳೆಯ ಚರ್ಮ ಸುಲಿದುಬರುತ್ತಿತ್ತು.

ನಿಜವಾದ ತಿರುವು 1880ರದು. ಲಂಡನ್ನಿನ ಚರ್ಮವೈದ್ಯ ಜಾರ್ಜ್ ಥಿನ್ ಕಾಲಿಗಿಂತ ಹೆಚ್ಚಾಗಿ ಕಾಲುಚೀಲವನ್ನು ಪರೀಕ್ಷಿಸಿದರು. ಅದರ ಅಡಿಯನ್ನೂ ಬೂಟಿನ ಒಳಗನ್ನೂ ತೋಯಿಸಿದ್ದ ತೇವದಲ್ಲಿ ಅವರಿಗೆ ಒಂದು ಬ್ಯಾಕ್ಟೀರಿಯಾ ಕಂಡಿತು. ಅದನ್ನು ‘ಬ್ಯಾಕ್ಟೀರಿಯಂ ಫೀಟಿಡಂ’ ಎಂದು ಕರೆದು ರಾಯಲ್ ಸೊಸೈಟಿಗೆ ವರದಿ ಮಾಡಿದರು. ಅವರು ಹೇಳಿದ ಪರಿಹಾರ ಒಂದು ಜಾಡಿಯಷ್ಟೇ. ಜಾಡಿಯ ತುಂಬ ಬೋರಿಕ್ ಆಮ್ಲದ ದ್ರಾವಣ. ದಿನಕ್ಕೆರಡು ಸಲ ಕಾಲುಚೀಲ ಬದಲಿಸಿ, ಬಿಚ್ಚಿದ್ದನ್ನು ಅದರಲ್ಲಿ ಕೆಲವು ಗಂಟೆ ಅದ್ದಿ, ಒಣಗಿಸಿ ಮತ್ತೆ ತೊಡಬೇಕು. ಬೂಟಿನೊಳಗೆ ಹಾಸುವ ಕಾರ್ಕಿನ ಅಟ್ಟೆಗಳಿಗೂ ಇದೇ ಉಪಚಾರ. ಥಿನ್ ಕೊಟ್ಟ ಹೆಸರು ಉಳಿಯಲಿಲ್ಲ. ಪಾದರಕ್ಷೆಯನ್ನೇ ಶುದ್ಧಮಾಡಬೇಕೆಂಬ ಅವರ ಯೋಚನೆ ಉಳಿಯಿತು.

ಮುಂದಿನ ಶತಮಾನದ ಮಾರುಕಟ್ಟೆಯ ಕಥೆ ಹೆಚ್ಚು ಪರಿಚಿತ. ಜರ್ಮನ್ ಸೈನ್ಯದಲ್ಲಿ ಬಳಸಿದ ಕಾಲಿನ ಪುಡಿಯಲ್ಲಿ 3 ಭಾಗ ಸ್ಯಾಲಿಸಿಲಿಕ್ ಆಮ್ಲ, 10 ಭಾಗ ಗಂಜಿಪುಡಿ, 87 ಭಾಗ ಟಾಲ್ಕ್ ಇರುತ್ತಿತ್ತು. ಬೆವರು ತಡೆಯುವ ಅಲ್ಯೂಮಿನಿಯಂ ಕ್ಲೋರೈಡ್ ಆಮೇಲೆ ಬಳಕೆಗೆ ಬಂತು. ವಾಸನೆ ಹೀರುವ ಇದ್ದಿಲಿನ ಅಟ್ಟೆಗಳು 1970ರ ದಶಕದಲ್ಲಿ ಅಮೆರಿಕದ ಅಂಗಡಿಗಳನ್ನು ತಲುಪಿದವು.

ಯಾವ ಬ್ಯಾಕ್ಟೀರಿಯಾ ಎಂಬ ವಿವಾದ ಮಾತ್ರ ಬೇಗ ಬಗೆಹರಿಯಲಿಲ್ಲ. ಅಂಗಾಲಿನಲ್ಲಿ ಸೂಜಿ ಚುಚ್ಚಿದಂಥ ಗುಳಿಗಳು ಬಿದ್ದು ನಾರುವ ಒಂದು ರೋಗವನ್ನು ಅಲ್ಡೊ ಕಾಸ್ಟೆಲಾನಿ 1910ರಲ್ಲಿ ಸಿಂಹಳದಿಂದ ವರ್ಣಿಸಿದರು. 1930ರಲ್ಲಿ ಕಲ್ಕತ್ತದ ಆಕ್ಟನ್ ಮತ್ತು ಮ್ಯಾಕ್‌ಗೈರ್ ಅದಕ್ಕೆ ‘ಆಕ್ಟಿನೊಮೈಸಿಸ್ ಕೆರಟೊಲಿಟಿಕಾ’ ಕಾರಣವೆಂದರು. ಇಂದು ಆ ರೋಗಕ್ಕೆ ಪಿಟೆಡ್ ಕೆರಟೊಲೈಸಿಸ್ ಎಂಬ ಹೆಸರಿದೆ. 1987ರ ಅಧ್ಯಯನವೊಂದು ಬೇರೊಂದು ಜೀವಿಯತ್ತ ಬೊಟ್ಟು ಮಾಡಿತು. ಅದು 1944ರಲ್ಲಿ ಸಮುದ್ರದ ನೀರಿನಲ್ಲಿ ಮುಳುಗಿಸಿಟ್ಟ ಗಾಜಿನ ಮೇಲೆ ಸಿಕ್ಕಿದ್ದ ಬ್ಯಾಕ್ಟೀರಿಯಾ. ಈಗಿನ ಹೆಸರು ಕೈಟೊಕಾಕಸ್ ಸೆಡೆಂಟೇರಿಯಸ್. ಬರಿಗಾಲಲ್ಲಿ ಮಳೆನೀರು ತುಳಿಯುವವರ ರೋಗವೆಂದು ಮೊದಲು ದಾಖಲಾದದ್ದು ಈಗ ಬೂಟು ತೊಟ್ಟ ಸೈನಿಕರಲ್ಲೂ ಆಟಗಾರರಲ್ಲೂ ಕಾಣುತ್ತದೆ.

ಗುಳಿಗಳಿಲ್ಲದ ಸಾಮಾನ್ಯ ನಾತಕ್ಕೆ ಉತ್ತರ ಸಿಕ್ಕಿದ್ದು ಜಪಾನಿನಲ್ಲಿ. 1990ರಲ್ಲಿ ಶಿಸೈಡೊ ಎಂಬ ಪ್ರಸಾಧನ ಕಂಪನಿಯ ಸಂಶೋಧಕರು ನಾತ ಬಲವಾಗಿದ್ದವರೆಲ್ಲರ ಪಾದಗಳಲ್ಲೂ ಐಸೊವ್ಯಾಲೆರಿಕ್ ಆಮ್ಲವಿರುವುದನ್ನು ತೋರಿಸಿದರು. ಈ ಕೆಲಸಕ್ಕೆ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನ 1992ರಲ್ಲಿ ಬಂತು. ಬೆವರಿನಲ್ಲಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲವನ್ನು ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಒಡೆದಾಗ ಈ ಆಮ್ಲ ಹುಟ್ಟುತ್ತದೆಂದು 2006ರ ಪ್ರಬಂಧವೊಂದು ವಿವರಿಸಿತು. ಅದು ಎಲ್ಲರ ಚರ್ಮದ ಮೇಲೂ ಇರುವ, ನಮಗೆ ಬೇಕಾದ ಜೀವಿ. ಅದನ್ನು ಕೊಲ್ಲದೆ ವಾಸನೆಯನ್ನಷ್ಟೇ ತಗ್ಗಿಸಲು ಸಿಟ್ರಲ್, ಸಿಟ್ರೊನೆಲಾಲ್, ಜೆರಾನಿಯಾಲ್‌ಗಳು ನೆರವಾಗುತ್ತವೆಂದು ಅದೇ ಪ್ರಬಂಧ ಸೂಚಿಸಿತು. ನಮ್ಮ ಹಿತ್ತಲಿನ ಮಜ್ಜಿಗೆಹುಲ್ಲಿಗೆ ನಿಂಬೆಯ ಪರಿಮಳ ಕೊಡುವುದೂ ಈ ಸಿಟ್ರಲ್ಲೇ.

2025ರಲ್ಲಿ ಇಗ್ ನೊಬೆಲ್ ಮತ್ತೆ ಇದೇ ವಿಷಯಕ್ಕೆ ಬಂತು, ಈ ಸಲ ಭಾರತಕ್ಕೆ. ಶಿವ ನಾಡಾರ್ ವಿಶ್ವವಿದ್ಯಾಲಯದ ವಿಕಾಶ್ ಕುಮಾರ್ ಮತ್ತು ಸಾರ್ಥಕ್ ಮಿತ್ತಲ್ ಅವರ ಅಧ್ಯಯನ ಚಪ್ಪಲಿ ಸ್ಟ್ಯಾಂಡಿನ ಕುರಿತದ್ದು. ಅವರು 149 ವಿದ್ಯಾರ್ಥಿಗಳನ್ನು ಪ್ರಶ್ನಿಸಿ, ಬ್ಯಾಕ್ಟೀರಿಯಾ ಕೊಲ್ಲುವ ಯುವಿ-ಸಿ ದೀಪವಿರುವ ಸ್ಟ್ಯಾಂಡನ್ನು ರೂಪಿಸಿದರು. ಶೂಗಳಲ್ಲಿ ನಾತ ಹೆಚ್ಚಾಗಿದ್ದದ್ದು ಬೆರಳು ಕೂರುವ ತುದಿಯಲ್ಲಿ. ಅಲ್ಲಿಗೆ ಎರಡು–ಮೂರು ನಿಮಿಷ ದೀಪ ಹಿಡಿದರೆ ಸಾಕಾಯಿತು. ಹೆಚ್ಚು ಹೊತ್ತು ಬಿಟ್ಟಾಗ ರಬ್ಬರು ಸುಟ್ಟ ವಾಸನೆ ಬಂತು.